ಆಷಾಢದಲ್ಲಿ ಮನೆ ನೋಡಿ

ಮಲೆನಾಡಿನಲ್ಲಿ ನಿವೃತ್ತಿಯ ಮನೆ ಹುಡುಕುವವರು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತಾರೆ. ಆಗ ಬೆಳಿಗ್ಗೆ ಇಬ್ಬನಿ, ಅಂಗಳದಲ್ಲಿ ಒಣಗಲು ಹರವಿದ ಅಡಿಕೆ, ಕೆಸರಿಲ್ಲದ ದಾರಿ, ನೀರಿರುವ ಬಾವಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಶಿರಸಿ ಕಡೆಯ ಯಾವ ಮನೆಯಾದರೂ ಆ ತಿಂಗಳಲ್ಲಿ ಚೆಂದವೇ ಕಾಣುತ್ತದೆ. ಮಾರುವವರಿಗೂ ಅದು ಗೊತ್ತು.

ಮನೆಯನ್ನು ಎರಡು ಸಲ ನೋಡಬೇಕು. ಆಷಾಢದಲ್ಲಿ ಮಳೆ ಹಿಡಿದು ಕೂತ ವಾರ ಒಮ್ಮೆ, ಏಪ್ರಿಲ್ ಕೊನೆಗೆ ಒಮ್ಮೆ. ಮೊದಲ ಸಲ ಮಾಡು (ಮನೆಯ ಚಾವಣಿ), ಗೋಡೆ, ದಾರಿ, ಕರೆಂಟು ತಮ್ಮ ಗುಣ ತೋರಿಸುತ್ತವೆ. ಎರಡನೆಯ ಸಲ ಬಾವಿ ತನ್ನ ತಳ ತೋರಿಸುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದು ಒಂದು ಸಾವಿರ ಮಿಲಿಮೀಟರಿಗೂ ತುಸು ಕಡಿಮೆ. ಆಗುಂಬೆಯ ಸರಾಸರಿ 7,000 ದಾಟುತ್ತದೆ. ಅಷ್ಟಿಲ್ಲದ ಊರುಗಳಲ್ಲೂ ಬೀಳುವುದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಪೇಟೆಯಲ್ಲಿ ಮಳೆ ಎಂದರೆ ಒಂದು ಸಂಜೆಯ ತೊಂದರೆ. ಇಲ್ಲಿ ಅದು ನಾಲ್ಕು ತಿಂಗಳ ಬದುಕಿನ ಕ್ರಮ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬದುಕು ಹಗುರ ಮಾಡಿಕೊಳ್ಳಲು ಹೊರಟವರಲ್ಲಿ ಬಹಳ ಮಂದಿ ನಗರದಲ್ಲಿ ಕಡಿಮೆ ಮಾಡಿಕೊಂಡು ಹಳ್ಳಿಯಲ್ಲಿ ಹೆಚ್ಚು ಮಾಡಿಕೊಳ್ಳುತ್ತಾರೆ. ಫ್ಲ್ಯಾಟಿನ ಸೋಫಾ, ಡೈನಿಂಗ್ ಟೇಬಲ್ಲು ಎಲ್ಲ ಹಂಚಿ ಬರುತ್ತಾರೆ. ಬಂದ ಮೇಲೆ ಹತ್ತಂಕಣದ ಹಳೇ ಮನೆ, ಎರಡು ಎಕರೆ ತೋಟ, ಕೊಟ್ಟಿಗೆ, ಎರಡು ದನ, ಒಂದು ಜೀಪು. ಅರವತ್ತರಲ್ಲಿ ಇದೆಲ್ಲ ಉತ್ಸಾಹ. ಎಪ್ಪತ್ತೈದಕ್ಕೆ ಇದೇ ಸಂಸಾರವನ್ನು ಯಾರು ನಡೆಸುತ್ತಾರೆ ಎನ್ನುವುದು ಪ್ರಶ್ನೆ. ಇಬ್ಬರೇ ಇರುವ ಮನೆಗೆ ಏಳೆಂಟು ನೂರು ಚದರಡಿ, ಮುಂದೊಂದು ಅಗಲವಾದ ಜಗಲಿ, ಮಕ್ಕಳು ಬಂದರೆ ಇರಲು ಒಂದು ಕೋಣೆ, ಸುತ್ತ ಹತ್ತಿಪ್ಪತ್ತು ಗುಂಟೆ ಜಾಗ ಧಾರಾಳವಾಯಿತು. ದೊಡ್ಡ ಮನೆ ಕೊಂಡು ಅರ್ಧ ಮುಚ್ಚಿಟ್ಟರಾಯಿತು ಎನ್ನುವವರಿದ್ದಾರೆ. ಬಾಗಿಲು ಹಾಕಿದ ಕೋಣೆಯ ಹಂಚನ್ನೂ ಪ್ರತಿವರ್ಷ ಇಳಿಸಿ, ಉಜ್ಜಿ, ಕೂರಿಸಲೇಬೇಕು. ಜನ ಓಡಾಡುವ ಕೋಣೆಗಿಂತ ಮುಚ್ಚಿಟ್ಟ ಕೋಣೆಗೇ ಒರಲೆ (ಗೆದ್ದಲು) ಮೊದಲು ಬರುತ್ತದೆ.

ಕಾಗದಪತ್ರದ ವಿಚಾರ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಈಗ ಕೃಷಿಭೂಮಿ ಕೊಳ್ಳಬಹುದು. ಹಾಗೆಂದು ಎಲ್ಲ ಭೂಮಿಯೂ ಕೊಳ್ಳಲು ಯೋಗ್ಯವಾಯಿತು ಎಂದಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಅದು ಮೂಲ ಮಂಜೂರುದಾರರ ಕುಟುಂಬಕ್ಕೆ ಮರಳುತ್ತದೆ. ಇಂತಿಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಕಾಲಮಿತಿಯೂ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಆದ್ದರಿಂದ ಪಹಣಿಯಲ್ಲಿ ಈಗಿನ ಹೆಸರು ನೋಡಿದರೆ ಸಾಲದು. ಜಮೀನು ಮೊದಲು ಯಾರಿಗೆ, ಹೇಗೆ ಬಂತು ಎನ್ನುವತನಕ ಹಿಂದೆ ಹೋಗಬೇಕು. ಪಹಣಿಯ 9ನೇ ಕಾಲಂ ಮಾಲೀಕರದು, 11ನೇದು ಋಣ ಮತ್ತು ಇತರ ಹಕ್ಕುಗಳದು. ಸಾಲ, ಕೋರ್ಟಿನ ತಡೆ ಇದ್ದರೆ ಅಲ್ಲಿ ನಮೂದಾಗಿರುತ್ತದೆ.

ಮಲೆನಾಡಿಗೇ ವಿಶೇಷವಾದ ತೊಡಕುಗಳು ಕೆಲವಿವೆ. ತೋಟದ ಜೊತೆ 'ನಾಲ್ಕೆಕರೆ ಬೆಟ್ಟವೂ ಇದೆ' ಎಂದು ಹೇಳಿದರೆ ಆ ಸೊಪ್ಪಿನ ಬೆಟ್ಟ ಮಾರುವವರದಲ್ಲ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಇರುವ ಸವಲತ್ತು ಅದು. ಅದಕ್ಕೆ ಬೆಲೆ ಕಟ್ಟಿ ಹಣ ಕೊಡಬೇಡಿ, ಅಲ್ಲಿ ಶೆಡ್ ಕಟ್ಟುವ ಯೋಚನೆಯೂ ಬೇಡ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗೆ, ಅದನ್ನು ಸಕ್ರಮಗೊಳಿಸುವ 94-ಸಿ ಕಲಮಿನಡಿ, ಹಕ್ಕುಪತ್ರ ಸಿಕ್ಕಿದ್ದರೆ ಪರಭಾರೆಯ (ಮಾರಾಟದ) ಷರತ್ತು ಓದದೆ ಮುಂಗಡ ಕೊಡಬೇಡಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11-ಇ ನಕ್ಷೆ ಬೇಕು. ಹಳೇ ಕೂಡುಕುಟುಂಬದ ಮನೆಯಾದರೆ ವಂಶವೃಕ್ಷ ತರಿಸಿ ಹೆಣ್ಣುಮಕ್ಕಳ ಸಹಿಯನ್ನೂ ಪಡೆಯಬೇಕು. 'ಅಕ್ಕತಂಗಿಯರದ್ದು ಏನೂ ತಕರಾರಿಲ್ಲ' ಎನ್ನುವ ಬಾಯಿಮಾತು ನೋಂದಣಿ ಕಚೇರಿಯಲ್ಲಿ ನಡೆಯದು. ಕೊನೆಯದಾಗಿ ದಾರಿ. ಎಷ್ಟೋ ಮನೆಗಳಿಗೆ ಹೋಗುವ ದಾರಿ ಪಕ್ಕದವರ ತೋಟದ ಅಂಚಿನದು, ತಲೆಮಾರಿನಿಂದ ರೂಢಿಯಲ್ಲಿ ಬಂದದ್ದು. ನಡೆದು ಹೋಗುವವರೆಗೆ ಯಾರೂ ಕೇಳುವುದಿಲ್ಲ. ಕಾರು ತಂದ ದಿನ ಮಾತು ಶುರುವಾಗುತ್ತದೆ. ದಾರಿ ನಕ್ಷೆಯಲ್ಲಿರಬೇಕು, ಇಲ್ಲದಿದ್ದರೆ ಕ್ರಯಪತ್ರದಲ್ಲಾದರೂ ಬರೆಸಬೇಕು.

ಇಷ್ಟೆಲ್ಲ ರಗಳೆ ಬೇಡವೆಂದರೆ ಗ್ರಾಮಠಾಣೆಯೊಳಗಿನ, ಅಂದರೆ ಊರಿನ ವಾಸದ ಜಾಗದೊಳಗಿನ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಇರುವ ಮನೆಯೇ ನಿವೃತ್ತರಿಗೆ ಸುಖ. ನೋಟ ಸ್ವಲ್ಪ ಕಡಿಮೆ, ನೆರೆಮನೆ ಸ್ವಲ್ಪ ಹತ್ತಿರ. ವಯಸ್ಸಾದ ಮೇಲೆ ಈ ಎರಡನೆಯದೇ ಬೇಕಾಗುತ್ತದೆ.

ಇನ್ನು ಮನೆ. ಮೊದಲು ಹಿಂಭಾಗಕ್ಕೆ ಹೋಗಿ ಧರೆ ನೋಡಿ. ಇಳಿಜಾರನ್ನು ಕಡಿದು ಮನೆಗೆ ಜಾಗ ಮಾಡಿದ್ದರೆ ಹಿಂದೆ ಮಣ್ಣಿನ ಗೋಡೆಯಂತೆ ಧರೆ ನಿಂತಿರುತ್ತದೆ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರವಾದರೂ ಮನೆಗೂ ಅದಕ್ಕೂ ನಡುವೆ ಇರಬೇಕು. ಹತ್ತಡಿ ಧರೆಯಿಂದ ನಾಲ್ಕಡಿ ದೂರದಲ್ಲಿ ಮಲಗುವ ಕೋಣೆ ಇದ್ದರೆ ಆ ಮನೆ ಬಿಟ್ಟುಬಿಡಿ. ಧರೆಯ ಮೇಲ್ಭಾಗದಲ್ಲಿ ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ ಇದೆಯೇ, ಅದು ಎಲೆ ತುಂಬಿ ಕಟ್ಟಿದೆಯೇ ನೋಡಿ. ಧರೆ ಕುಸಿಯುವುದು ಬಹುತೇಕ ಮಣ್ಣು ನೀರು ಕುಡಿದು ಭಾರವಾಗಿ ಸಡಿಲಗೊಂಡಾಗ. ಅಂಚಿನಲ್ಲಿ ಮೂಡಿದ ಬಿರುಕು, ವಾಲಿದ ಮರ, ಬುಡದಲ್ಲಿ ಹೊಸದಾಗಿ ಒಸರುವ ಕೆಸರುನೀರು ಅದರ ಮುನ್ಸೂಚನೆ. ಕಲ್ಲಿನ ತಡೆಗೋಡೆ ಕಟ್ಟಿಸಿದರೆ ಅದರಲ್ಲಿ ನೀರು ಬಸಿಯಲು ತೂತುಗಳಿರಲೇಬೇಕು. ತೂತಿಲ್ಲದ ಗೋಡೆ ನೀರಿನ ಒತ್ತಡಕ್ಕೆ ತಾನೇ ಉರುಳುತ್ತದೆ.

ಮಾಡಿನ ವಿಷಯಕ್ಕೆ ಬರೋಣ. ಮಂಗಳೂರು ಹಂಚು ನೂರು ಚದರಡಿ ಮಾಡಿಗೆ ಸುಮಾರು 140 ಬೇಕು. ಸಾವಿರ ಚದರಡಿಯ ಮನೆಗೆ ಇಳಿಜಾರು, ಹೊರಚಾಚಿದ ಅಂಚು ಎಲ್ಲ ಸೇರಿ ಹೆಚ್ಚುಕಡಿಮೆ 1,900 ಹಂಚು ಕೂತಿರುತ್ತದೆ. ಒಂದೊಂದೂ ಎರಡರಿಂದ ಮೂರು ಕಿಲೋ. ಮಳೆಯಲ್ಲಿ ನೆನೆದರೆ ಇನ್ನೂ ಭಾರ. ಈ ಭಾರವನ್ನು ಹೊತ್ತಿರುವುದು ಪಕಾಸಿ (ಇಳಿಜಾರಾಗಿ ನಿಲ್ಲಿಸಿದ ಮರ) ಮತ್ತು ರೀಪು (ಅದರ ಮೇಲೆ ಅಡ್ಡ ಹೊಡೆದ ಪಟ್ಟಿ). ಅಂಗಳದ ತುದಿಗೆ ಹೋಗಿ ಮಾಡನ್ನು ಓರೆಯಾಗಿ ನೋಡಿ. ಹಂಚಿನ ಸಾಲು ನೇರವಾಗಿದ್ದರೆ ಮರ ಗಟ್ಟಿ ಇದೆ ಎಂದರ್ಥ. ಎಲ್ಲಾದರೂ ಕುಸಿದಂತೆ ಕಂಡರೆ ಅಲ್ಲಿ ರೀಪು ಒರಲೆ ತಿಂದಿದೆ ಅಥವಾ ಪಕಾಸಿ ಬಾಗಿದೆ. ಒಳಗಿನಿಂದ ಅಟ್ಟ ಹತ್ತಿ, ಚಾಕುವಿನ ಮೊನೆಯಿಂದ ಪಕಾಸಿಯ ಬುಡ, ಅಂದರೆ ಗೋಡೆಯ ಮೇಲೆ ಕೂರುವ ಜಾಗ, ಚುಚ್ಚಿ ನೋಡಬೇಕು. ಮೆತ್ತಗೆ ಒಳಹೋದರೆ ಬದಲಿಸಲೇಬೇಕಾದ ಮರ. ಫಾಲ್ಸ್ ಸೀಲಿಂಗ್ ಹಾಕಿ ಚೆಂದ ಮಾಡಿದ ಮನೆಯಲ್ಲಿ ಇದೊಂದೂ ಕಾಣದು. ಒಂದೆರಡು ಪ್ಯಾನೆಲ್ ತೆಗೆಸಿ ನೋಡಲು ಮಾರುವವರು ಒಪ್ಪದಿದ್ದರೆ ಅದೇ ಉತ್ತರ.

ಹಂಚಿನ ಮನೆ ಸೋರಲು ಕಾರಣ ಹೆಚ್ಚಿನ ಸಲ ಒಡೆದ ಹಂಚೇ ಆಗಬೇಕೆಂದಿಲ್ಲ. ಹಂಚಿನ ಗೀರುಗಳಲ್ಲಿ ಪಾಚಿ, ಎಲೆಯ ಕಸ ತುಂಬಿ ನೀರು ಅಡ್ಡ ಹರಿದು ಒಳಗಿಳಿಯುತ್ತದೆ. ಎರಡು ಮಾಡು ಕೂಡುವ ತಗ್ಗಿನಲ್ಲಿ ಎಲೆ ಕಟ್ಟಿಕೊಂಡು ಉಕ್ಕುತ್ತದೆ. ಮಂಗಗಳು ಹಾರಿ ಹಂಚು ಸರಿಸುತ್ತವೆ. ಅದಕ್ಕೇ ಪ್ರತಿವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದು, ಅಂದರೆ ಇಳಿಸಿ, ಉಜ್ಜಿ, ಮತ್ತೆ ಕೂರಿಸುವುದು. ಈ ಕೆಲಸ ಬಲ್ಲವರು ಊರಿಗೆ ಒಬ್ಬಿಬ್ಬರು. ಎಲ್ಲರಿಗೂ ಅವರು ಬೇಕಾಗುವುದು ಅದೇ ಹದಿನೈದು ದಿನದಲ್ಲಿ. ಏಪ್ರಿಲ್‌ನಲ್ಲೇ ಹೇಳಿಟ್ಟುಕೊಳ್ಳಬೇಕು. ಒಂದು ಕಾರ್ಖಾನೆಯ ಹಂಚಿನ ಗೀರು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ. ಮನೆಯ ಮೇಲಿನದೇ ಅಚ್ಚಿನ ಹಳೇ ಹಂಚು ನೂರಾದರೂ ಕೊಟ್ಟಿಗೆಯ ಮೂಲೆಯಲ್ಲಿ ಪೇರಿಸಿಟ್ಟಿರಿ.

ಬೇಸತ್ತು ಹಂಚು ಇಳಿಸಿ ತಗಡು ಹಾಕಿಸಿದವರು ಬಹಳ. ಸೋರುವುದು ನಿಲ್ಲುತ್ತದೆ, ಮಂಗನ ಕಾಟವೂ ನಿಲ್ಲುತ್ತದೆ. ಜುಲೈ ತಿಂಗಳ ಮಳೆ ತಗಡಿನ ಮೇಲೆ ಬೀಳುವಾಗ ಮಾತ್ರ ಎದುರು ಕೂತವರ ಮಾತು ಕೇಳಿಸದು. ಶಾಂತಿ ಹುಡುಕಿ ಬಂದವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹಂಚನ್ನು ಉಳಿಸಿಕೊಂಡು, ಎರಡಡಿ ಮೇಲೆ ಕಬ್ಬಿಣದ ಕಂಬಗಳ ಮೇಲೆ ತಗಡು ಕಟ್ಟಿಸುವುದು ಖರ್ಚಿನ ದಾರಿಯಾದರೂ ಸದ್ದು, ಸೆಕೆ ಎರಡನ್ನೂ ತಗ್ಗಿಸುತ್ತದೆ.

ಗೋಡೆಗಳಲ್ಲಿ ಮೊದಲು ಪಡುವಣದ್ದನ್ನು ನೋಡಿ. ಮಳೆಗಾಳಿ ಬರುವುದೇ ಆ ದಿಕ್ಕಿನಿಂದ, ಇರಿಚಲು ಹೊಡೆಯುವುದೂ ಅಲ್ಲಿಗೇ. ಹಿಂದೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆ ಕಾಯುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ತಗಡು. ಮಣ್ಣಿನ ಅಥವಾ ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಹಳೇ ಗೋಡೆಗೆ ಸಿಮೆಂಟ್ ಗಿಲಾವು ಬಳಿದು ಮೇಲೆ ನೀರು ಬಿಡದ ಪೇಂಟ್ ಹೊಡೆಸುವುದು ಪೇಟೆಯವರು ಮೊದಲು ಮಾಡುವ ಕೆಲಸ. ನೆಲದಿಂದ ಮೇಲೇರುವ ತೇವ ಹೊರಹೋಗಲು ದಾರಿ ಇಲ್ಲದೆ ಗಿಲಾವಿನ ಹಿಂದೆಯೇ ನಿಲ್ಲುತ್ತದೆ. ಎರಡು ಮಳೆಗಾಲದಲ್ಲಿ ಪೇಂಟ್ ಗುಳ್ಳೆ ಎದ್ದು, ಗಿಲಾವು ಹಲಗೆ ಹಲಗೆಯಾಗಿ ಬಿಟ್ಟುಕೊಳ್ಳುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆ, ಮೇಲೆ ಸುಣ್ಣ, ಇಷ್ಟೇ ಸಾಕು.

ಒರಲೆಗೆ ಔಷಧಿ ಹಾಕಿಸುವುದಾದರೆ ಮನೆಗೆ ಸಾಮಾನು ಬರುವ ಮೊದಲೇ ಹಾಕಿಸಿ. ಗೋಡೆ ಮತ್ತು ನೆಲ ಸೇರುವಲ್ಲಿ ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆದು, ಕ್ಲೋರ್‌ಪೈರಿಫಾಸ್ 20 ಇ.ಸಿ. ಆದರೆ ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಿ ತುಂಬಿಸುವುದು ರೂಢಿ. ಬಾವಿ ಹತ್ತಿರವಿರುವ ಕಡೆಯ ಗೋಡೆಗೆ ಇದನ್ನು ಮಾಡಿಸಲೇಬಾರದು. ಜಂಬಿಟ್ಟಿಗೆ ನೆಲದಲ್ಲಿ ವಿಷ ಬಹುಬೇಗ ನೀರಿಗೆ ಇಳಿಯುತ್ತದೆ.

ನೀರು. ಏಪ್ರಿಲ್ ಕೊನೆಯಲ್ಲಿ ಬಾವಿಯಲ್ಲಿ ನಾಲ್ಕಡಿ ನೀರಿದ್ದು, ಪಂಪ್ ಓಡಿಸಿ ತಗ್ಗಿಸಿದ್ದು ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಬಂದರೆ ಇಬ್ಬರ ಸಂಸಾರಕ್ಕೆ ಚಿಂತೆಯಿಲ್ಲ. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 10 ಮೀಟರ್, ಸಾಧ್ಯವಾದರೆ 15 ಮೀಟರ್ ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿರಬೇಕು. ಮಳೆಗಾಲದ ಮೊದಲ ವಾರಗಳಲ್ಲಿ ಬಾವಿ ನೀರು ಕದಡುತ್ತದೆ. ಬ್ಲೀಚಿಂಗ್ ಪುಡಿ ಹಾಕುವುದಾದರೆ ಕಣ್ಣಂದಾಜು ಬೇಡ. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ಘನಮೀಟರ್ ಲೆಕ್ಕ ಸಿಗುತ್ತದೆ. ಒಂದು ಘನಮೀಟರ್ ಎಂದರೆ ಸಾವಿರ ಲೀಟರು, ಅದಕ್ಕೆ ಎರಡೂವರೆ ಗ್ರಾಂ ಪುಡಿ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಒಂಬತ್ತೂವರೆ ಸಾವಿರ ಲೀಟರಿನಷ್ಟಾಯಿತು. ಸುಮಾರು 24 ಗ್ರಾಂ ಪುಡಿ ಸಾಕು. ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡಬೇಕು. ತಳದ ಸುಣ್ಣ ಬೇಡ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಸುಲಭ. ತೆರೆದಿಟ್ಟ ಪುಡಿ ಕಸುವು ಕಳೆದುಕೊಳ್ಳುತ್ತದೆ. ವಾಸನೆ ಹೊಡೆಯದ ಪುಡಿಯನ್ನು ನಂಬಬೇಡಿ.

ಗುಡ್ಡದಿಂದ ಅಬ್ಬಿ ನೀರು, ಅಂದರೆ ಝರಿಯ ನೀರು, ಪೈಪಿನಲ್ಲಿ ಇಳಿದು ಬರುವ ಮನೆ ಸಿಕ್ಕಿದರೆ ಅದೃಷ್ಟ. ಕರೆಂಟು ಬೇಡ, ಮೋಟಾರು ಬೇಡ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕಿಲೋ ಒತ್ತಡ. ಮೂವತ್ತು ಮೀಟರ್ ಮೇಲಿಂದ ಬಂದರೆ ನಲ್ಲಿ ಜೋರಾಗಿಯೇ ಬರುತ್ತದೆ, ಪೈಪು ಆ ಒತ್ತಡ ತಾಳುವ ದರ್ಜೆಯದಿರಬೇಕು ಅಷ್ಟೆ. ನೀರು ನಿಂತರೆ ಕಾರಣ ಮೂರರಲ್ಲೊಂದು: ಬಾಯಲ್ಲಿ ಎಲೆ ಕಟ್ಟಿದೆ, ದಾರಿಯ ಉಬ್ಬಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಹಂದಿಯೋ ಮುಳ್ಳುಹಂದಿಯೋ ಪೈಪು ಕಡಿದಿದೆ. ಸರಿಪಡಿಸಲು ಮಳೆಯಲ್ಲಿ ಉಂಬಳ (ಜಿಗಣೆ) ಕಚ್ಚಿಸಿಕೊಳ್ಳುತ್ತ ಗುಡ್ಡ ಹತ್ತಬೇಕು. ಎಪ್ಪತ್ತು ದಾಟಿದವರು ಆ ಕೆಲಸಕ್ಕೆ ಊರಿನ ಹುಡುಗನೊಬ್ಬನನ್ನು ಗೊತ್ತುಮಾಡಿ ದುಡ್ಡು ಕೊಡುವುದೇ ಒಳ್ಳೆಯದು.

ಕರೆಂಟು ಕೊಡುವ ಕಂಪನಿ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಿಗೆ ಮೆಸ್ಕಾಂ, ಉತ್ತರ ಕನ್ನಡಕ್ಕೆ ಹೆಸ್ಕಾಂ. ಯಾವುದಾದರೂ ಒಂದೇ: ಜೂನ್‌ನ ಮೊದಲ ಗಾಳಿಮಳೆಗೆ ಕಾಡಿನ ನಡುವೆ ತಂತಿಯ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ ಸಾಮಾನ್ಯ. ಇಲ್ಲಿ ಸೋಲಾರ್ ಬಗ್ಗೆ ಒಂದು ತಪ್ಪು ಎಣಿಕೆ ಇದೆ. ಪಿ.ಎಂ. ಸೂರ್ಯಘರ್ ಯೋಜನೆಯ ಸಹಾಯಧನ, ಮೂರು ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ, ಸಿಗುವುದು ಲೈನಿಗೆ ಜೋಡಿಸುವ ವ್ಯವಸ್ಥೆಗೆ. ಬ್ಯಾಟರಿ ಇಲ್ಲದ ಅಂಥ ಇನ್‌ವರ್ಟರು ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲೆಂದೇ ಹಾಗೆ ಮಾಡಿರುವುದು. ಬ್ಯಾಟರಿ ಹಾಕಿಸಿದರೂ ಕರೆಂಟು ಹೋಗುವ ತಿಂಗಳೂ ಬಿಸಿಲು ಹೋಗುವ ತಿಂಗಳೂ ಒಂದೇ. ಬಿಲ್ ಉಳಿಸಲು ಸೋಲಾರ್ ಸರಿ, ಕತ್ತಲೆಗೆ ಅದನ್ನು ನಂಬಿ ಕೂರಬೇಡಿ.

ಮನೆಯ ಇನ್‌ವರ್ಟರಿಗೆ ಹಾಕುವ 150 ಎ.ಎಚ್.ನ ಒಂದು ಟ್ಯೂಬುಲರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ. ಕೈಗೆ ಸಿಗುವುದು 1,100ರಷ್ಟು. ಕಡಿಮೆ ಕರೆಂಟಿನ ಮೂರು ಬಿ.ಎಲ್.ಡಿ.ಸಿ. ಫ್ಯಾನು, ಐದಾರು ಎಲ್.ಇ.ಡಿ. ದೀಪ, ಫೈಬರ್ ಇಂಟರ್‌ನೆಟ್ಟಿನ ಡಬ್ಬಿ ಸೇರಿ 150 ವ್ಯಾಟ್. ಏಳು ಗಂಟೆ ನಡೆಯುತ್ತದೆ. ಮಳೆಗಾಲದಲ್ಲಿ ಫ್ಯಾನೇ ಬೇಡವಾದ್ದರಿಂದ ದೀಪ, ಫೋನಿಗೆ ಎರಡು ಸಂಜೆ ಬರುತ್ತದೆ. ಫ್ರಿಜ್, ಪಂಪಿಗೆ ಸಣ್ಣ ಜನರೇಟರು ಬೇಕಾಗುತ್ತದೆ. ಒಂದು ಎಚ್.ಪಿ. ಪಂಪು ಓಡುವಾಗ 750 ವ್ಯಾಟ್ ಎಂದು ಒಂದು ಕೆ.ವಿ.ಎ. ಜನರೇಟರು ತಂದರೆ ಅದು ಪಂಪನ್ನು ಎಬ್ಬಿಸುವುದಿಲ್ಲ, ಶುರುವಾಗುವಾಗ ಪಂಪು ಎಳೆಯುವುದು ಅದರ ಮೂರು ನಾಲ್ಕು ಪಟ್ಟು. ಎರಡೂವರೆ, ಮೂರು ಕೆ.ವಿ.ಎ. ಬೇಕು. ಅದರ ಬದಲು ಸಾವಿರ ಲೀಟರಿನ ತೊಟ್ಟಿಯನ್ನು ದಿನಾ ಸಂಜೆ ತುಂಬಿಸಿಡುವ ಅಭ್ಯಾಸ ಅಗ್ಗ. ಇಬ್ಬರಿಗೆ ಮೂರು ದಿನ ನಿಶ್ಚಿಂತೆ. ಬಾವಿಯ ರಾಟೆ, ಹಗ್ಗ ತೆಗೆಸಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್‌ಗಳನ್ನು ಕಿತ್ತಿಡುವುದು ಇಲ್ಲಿ ಎಲ್ಲರ ಮನೆಯ ಪದ್ಧತಿ. ಜಂಬಿಟ್ಟಿಗೆ ನೆಲ ಒಣಗಿದಾಗ ಅರ್ಥಿಂಗ್ ಕೆಲಸ ಮಾಡುವುದು ಕಷ್ಟ, ಅದರ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು.

ಏನು ತರಬೇಕು, ಏನು ಬಿಡಬೇಕು ಎನ್ನುವುದಕ್ಕೆ ತೂಗುವ ತಕ್ಕಡಿ ತೇವವೊಂದೇ. ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಕಪಾಟುಗಳು ಎರಡನೆಯ ಮಳೆಗಾಲಕ್ಕೆ ಉಬ್ಬಿ ಬಾಗಿಲು ಹಾಕಲು ಬರುವುದಿಲ್ಲ. ಲಾರಿ ಬಾಡಿಗೆ ಕೊಟ್ಟು ತರಬೇಡಿ. ಹಳೇ ತೇಗ, ಹಲಸಿನ ಸಾಮಾನು ತನ್ನಿ. ಕಬ್ಬಿಣದ ಬೀರು ತರಬಹುದು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಬೇಕು. ಚರ್ಮದ ಸೋಫಾ, ಚರ್ಮದ ಚಪ್ಪಲಿ, ಕ್ಯಾಮೆರಾ ಲೆನ್ಸು, ರೇಷ್ಮೆ ಸೀರೆ, ಪುಸ್ತಕ ಇವೆಲ್ಲ ಬೂಷ್ಟಿಗೆ ಪ್ರಿಯ. ಪುಸ್ತಕಗಳ ವಿಷಯದಲ್ಲಿ ನಿಷ್ಠುರವಾಗಿರಿ. ಮತ್ತೆ ಓದುವಂಥವು ಇನ್ನೂರೋ ಮುನ್ನೂರೋ ಇರಬಹುದು. ಅಷ್ಟನ್ನು ಒಂದೇ ಕೋಣೆಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಟ್ಟು, ಆ ಕೋಣೆಗೆ ತೇವ ಹೀರುವ ಯಂತ್ರ ಇಟ್ಟರೆ ಉಳಿಯುತ್ತವೆ. ಕರ್ಪೂರ, ನುಸಿಗುಳಿಗೆ ಹುಳಕ್ಕೆ ಆಗುತ್ತವೆ, ಬೂಷ್ಟನ್ನು ತಡೆಯುವುದಿಲ್ಲ. ಸೀರೆಯ ಬೀರುವಿನೊಳಗೆ 15 ವ್ಯಾಟಿನ ಹಳೇ ಕಾಲದ ಬಲ್ಬು ಬಟ್ಟೆಗೆ ತಾಗದಂತೆ ಉರಿಸಿಡುವ ಉಪಾಯ ಈಗಲೂ ನಡೆಯುತ್ತದೆ, ಎಲ್.ಇ.ಡಿ. ಹಾಕಿದರೆ ಬೆಳಕು ಬಂದೀತು, ಕಾವು ಬರುವುದಿಲ್ಲ.

ತರಲೇಬೇಕಾದ್ದು ಬಟ್ಟೆ ಒಣಗಿಸುವ ಯಂತ್ರ. ಶ್ರೀಮಂತಿಕೆ ಅನಿಸಿದರೂ ಪರವಾಗಿಲ್ಲ. ನಾಲ್ಕು ತಿಂಗಳು ಒಣಗದ ಬನಿಯನ್, ಟವೆಲ್ಲು ಮೂಸಿ ನೋಡಿದವರು ಈ ಮಾತು ಒಪ್ಪುತ್ತಾರೆ. ಅದಿಲ್ಲದಿದ್ದರೆ ಬಚ್ಚಲ ಒಲೆಯ ಮೇಲೆ ಬಿದಿರು ಕಟ್ಟಿ ಒಣಗಿಸಬೇಕು. ಬಟ್ಟೆ ಒಣಗುತ್ತದೆ, ಹೊಗೆ ವಾಸನೆ ಬರುತ್ತದೆ. ಬಚ್ಚಲ ಹಂಡೆಯನ್ನಂತೂ ಉಳಿಸಿಕೊಳ್ಳಿ. ಸೋಲಾರ್ ಗೀಸರು ಮಳೆಗಾಲದಲ್ಲಿ ತಣ್ಣೀರು ಕೊಡುತ್ತದೆ. ಒಣ ಕಟ್ಟಿಗೆ ಏಪ್ರಿಲ್‌ನೊಳಗೆ ಸೂರಿನಡಿ ಸೇರಬೇಕು. ಮೇ ತಿಂಗಳ ಅಡ್ಡಮಳೆಗೆ ನೆನೆದದ್ದು ದೀಪಾವಳಿತನಕ ಹೊಗೆಯಾಡುತ್ತದೆ. ಸಾಮಾನು ಸಾಗಿಸುವುದು ಜನವರಿಯಿಂದ ಮಾರ್ಚ್ ನಡುವೆ. ದೊಡ್ಡ ಲಾರಿ ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ ಎಂದುಕೊಂಡು, ಕೊನೆಯ ಅರ್ಧ ಕಿಲೋಮೀಟರಿಗೆ ಒಂದು ಪಿಕಪ್ಪು, ನಾಲ್ಕು ಆಳು ಹೇಳಿಟ್ಟಿರಬೇಕು.

ದೇಹದ ಮಾತು. ಹಳೇ ಮಲೆನಾಡ ಮನೆ ಮುದುಕರಿಗೆಂದು ಕಟ್ಟಿದ್ದಲ್ಲ. ಮೊಣಕಾಲೆತ್ತರದ ಹೊಸ್ತಿಲು, ನೇರ ಏಣಿಯ ಅಟ್ಟ, ಅಂಗಳ ದಾಟಿ ಬಚ್ಚಲು, ಕಲ್ಲಿನ ಮೆಟ್ಟಿಲ ಮೇಲೆ ಪಾಚಿ. ಇಲ್ಲಿ ಹಿರಿಯರನ್ನು ಹಾಸಿಗೆ ಹಿಡಿಸುವುದು ಹಾವಿಗಿಂತ ಹೆಚ್ಚಾಗಿ ಪಾಚಿ. ಜೂನ್ ಮೊದಲು ಒಮ್ಮೆ, ಜುಲೈ ನಡುವೆ ಇನ್ನೊಮ್ಮೆ ಬ್ಲೀಚಿಂಗ್ ನೀರು ಹಾಕಿ ಗಟ್ಟಿ ಬ್ರಷ್ಷಿನಿಂದ ಉಜ್ಜಿಸಬೇಕು; ಮನೆಯಿಂದ ಬಚ್ಚಲಿಗೆ, ಬಾವಿಗೆ ಹೋಗುವ ಹಾದಿಯನ್ನಾದರೂ. ಮಲಗುವ ಕೋಣೆಗೆ ಅಂಟಿಕೊಂಡೇ ಶೌಚಾಲಯ ಬೇಕು, ಅದರಲ್ಲಿ ನೆಲದಿಂದ ಮೂರಡಿಗೆ ತುಸು ಕೆಳಗೆ ಹಿಡಿಯಲು ಕಂಬಿ ಬೇಕು, ಗಾಲಿಕುರ್ಚಿ ಹೋಗುವಂತೆ ಮೂರಡಿ ಬಾಗಿಲು ಬೇಕು. ಕಟ್ಟಿಸುವಾಗಲೇ ಮಾಡಿದರೆ ಹೆಚ್ಚು ಖರ್ಚಿಲ್ಲ.

ಆಸ್ಪತ್ರೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕಿಂತ ಮಳೆಯ ರಾತ್ರಿ ಎಷ್ಟು ಹೊತ್ತು ಎಂದು ಕೇಳಿ. ಪಾರ್ಶ್ವವಾಯು ಬಡಿದರೆ ಹೆಪ್ಪು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆ ಎಲ್ಲಿದೆ ಎನ್ನುವುದೇ ಲೆಕ್ಕ. ಎದೆನೋವಿಗೆ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ಮಾಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಬಂದಿದೆ. ನಿಮ್ಮ ತಾಲೂಕಿನಲ್ಲಿ ಅದು ನಡೆಯುತ್ತಿದೆಯೇ ಎಂದು ಹೋಗಿ ವಿಚಾರಿಸಿ. ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತೇವೆ ಎನ್ನುವವರು ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದು ಮುಚ್ಚುವುದನ್ನು ಮರೆಯಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಫ್ರಿಜ್ ನಿಂತ ದಿನಗಳಿಗೆ ಒಂದು ಮಣ್ಣಿನ ಮಡಕೆಯ ಏರ್ಪಾಡು ಮಾಡಿಕೊಂಡಿರಲಿ.

ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಇದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆಹುಳದಿಂದ), ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ, ಅಂದರೆ ಪೇಟೆಯವರಿಗೆ ಕಾಡು ಸುತ್ತಲು ಹಿತವೆನಿಸುವ ಅದೇ ತಿಂಗಳುಗಳಲ್ಲಿ. ಸುತ್ತ ಮಂಗ ಸತ್ತು ಬಿದ್ದರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿನ ಕಡೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆಗೂ ಬಿಸಿನೀರು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಎರಡೂ ಬೇಡ. ಅಲುಗಾಡದೆ ಆಸ್ಪತ್ರೆ ಸೇರಬೇಕು. ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ ಎನ್ನುವುದು ಮೊದಲೇ ಗೊತ್ತಿರಬೇಕು. ಕಟ್ಟಿಗೆ ರಾಶಿ ಗೋಡೆಗೆ ಒರಗದಿದ್ದರೆ, ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕಿಳಿಯದಿದ್ದರೆ ಮುಕ್ಕಾಲು ಅಪಾಯ ಅಲ್ಲೇ ಕಳೆಯಿತು.

ತೋಟದ ಬಗ್ಗೆ ಬರೆಯುತ್ತ ಹೋದರೆ ಅದೇ ಒಂದು ಪುರಾಣ. ಒಂಬತ್ತಡಿ ಅಂತರದಲ್ಲಿ ಎಕರೆಗೆ 540ರಷ್ಟು ಅಡಿಕೆ ಮರ. ಕೊಳೆ ರೋಗ ಬಾರದಂತೆ ಮಳೆಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಸಬೇಕು: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಡೆಸಬೇಕಾದ ದಿನ ಮಳೆ ಬಿಡುವುದಿಲ್ಲ. ಮಳೆ ಬಿಟ್ಟ ದಿನ ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ. ಕೊಳೆಯ ಮೇಲೆ ಎಲೆಚುಕ್ಕೆ ರೋಗ ಬೇರೆ. ಇದು ನಿವೃತ್ತಿಯ ಉದ್ಯೋಗವಲ್ಲ. ಮನೆಯ ಜೊತೆ ತೋಟ ಬಂದೇ ಬಂದರೆ ಫಸಲನ್ನು ವರ್ಷಕ್ಕಿಷ್ಟೆಂದು ಚೇಣಿ (ಫಸಲು ಗುತ್ತಿಗೆ) ಕೊಟ್ಟುಬಿಡಿ, ಫಸಲನ್ನು ಮಾತ್ರ. ಜಮೀನನ್ನೇ ಗೇಣಿಗೆ ಕೊಡಲು ಕಾಯ್ದೆ ಬಿಡುವುದಿಲ್ಲ. ಹಿತ್ತಿಲಿನ ಬಸಳೆ, ತೊಂಡೆ, ನಾಲ್ಕು ಬಾಳೆ, ಒಂದು ಕರಿಬೇವಿನ ಗಿಡ ಇಬ್ಬರಿಗೆ ಸಾಕಾಗಿ ನೆರೆಮನೆಗೂ ಆಗುತ್ತದೆ.

ಹಳ್ಳಿಮನೆಯ ಕನಸು ಹೆಚ್ಚಾಗಿ ಯಜಮಾನರದು, ಅದರ ಕೆಲಸ ಹೆಚ್ಚಾಗಿ ಯಜಮಾನತಿಯದು. ಪೇಟೆಯಲ್ಲಿ ಕೆಲಸದವಳು, ಕೂಗಳತೆಯ ಅಂಗಡಿ, ಬೇಸರವಾದ ದಿನ ಹೋಟೆಲು ಇದ್ದವು. ಇಲ್ಲಿ ಮೂರು ಹೊತ್ತೂ ಒಲೆ, ಮೇಲಿಂದ 'ಹಳ್ಳಿಮನೆ ನೋಡಬೇಕು' ಎಂದು ಬರುವ ನೆಂಟರು, ಸ್ನೇಹಿತರು. ಮೊದಲ ವರ್ಷ ವಾರಾಂತ್ಯದ ಅತಿಥಿಗಳೇ ದೊಡ್ಡ ಹೊರೆ. ಊರಿನಲ್ಲಿ ಅಡುಗೆ ಮಾಡಿಕೊಡುವವರು, ಬುತ್ತಿ ಕೊಡುವ ಮನೆ ಇದೆಯೇ ಎನ್ನುವುದನ್ನು ಬಾವಿಯಷ್ಟೇ ಮುಖ್ಯವಾಗಿ ವಿಚಾರಿಸಿ. ಹೆಂಡತಿ ಆಷಾಢದ ಒಂದು ತಿಂಗಳು ಆ ಊರಲ್ಲಿ ಬಾಡಿಗೆಗೆ ಇದ್ದು ನೋಡಿ 'ಆಗಬಹುದು' ಎನ್ನದೆ ಮನೆ ಕೊಳ್ಳುವುದು ದುಡುಕು. ಊರಿನವರ ಜೊತೆ ಬೆರೆಯಲು ದೇಣಿಗೆಗಿಂತ ಹಾಜರಿ ಮುಖ್ಯ. ಸಾವಿನ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬರುವವರನ್ನು ಊರು ಬೇಗ ತನ್ನವರೆನ್ನುತ್ತದೆ. ಶಾಂತಿಯ ಬಗ್ಗೆಯೂ ಭ್ರಮೆ ಬೇಡ. ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಯಂತ್ರ, ದೇವಸ್ಥಾನದ ಮೈಕು, ಪಕ್ಕದ ಹೋಂಸ್ಟೇಯ ಶನಿವಾರ ಎಲ್ಲ ಇಲ್ಲೂ ಇವೆ.

ಕಾರು ಓಡಿಸಲು ಆಗದ ದಿನ ಬರುತ್ತದೆ. ಅಂದು ಬಸ್ಸಿಗೆ ಎಷ್ಟು ನಡೆಯಬೇಕು, ಕರೆದರೆ ಬರುವ ಆಟೋ ಇದೆಯೇ? ತಾಲೂಕು ಕೇಂದ್ರದಿಂದ ಹತ್ತು ಕಿಲೋಮೀಟರ್ ಒಳಗಿನ ಊರಿಗೂ ಮೂವತ್ತು ಕಿಲೋಮೀಟರ್ ಆಚೆಯ ಊರಿಗೂ ಹಸಿರಿನಲ್ಲಿ ವ್ಯತ್ಯಾಸ ಅಷ್ಟಿಲ್ಲ, ಉಳಿದೆಲ್ಲದರಲ್ಲೂ ಇದೆ.

ನಗರದ ಮನೆಯನ್ನು ಕೂಡಲೇ ಮಾರಬೇಡಿ. ಎರಡು ಮಳೆಗಾಲ ಬಾಡಿಗೆಗೆ ಕೊಡಿ. ಮಾರುವುದಾದಾಗ, 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ಲಾಭದ ಮೇಲೆ ಬೆಲೆಯೇರಿಕೆಯ ಸೂಚ್ಯಂಕವಿಲ್ಲದೆ 12.5 ಶೇಕಡಾ, ಸೂಚ್ಯಂಕ ಹಿಡಿದು 20 ಶೇಕಡಾ, ಇವೆರಡರಲ್ಲಿ ಕಡಿಮೆಯಾದ ತೆರಿಗೆ. ಹೊಸ ವಾಸದ ಮನೆಗೆ ಹಾಕಿದ ಲಾಭಕ್ಕೆ ವಿನಾಯಿತಿ ಉಂಟು: ಮಾರಿದ ದಿನದಿಂದ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಒಂದು ವರ್ಷ ಮೊದಲೇ ಕೊಂಡಿದ್ದರೂ ನಡೆಯುತ್ತದೆ, ಅದಕ್ಕಿಂತ ಹಿಂದೆ ಕೊಂಡಿದ್ದರೆ ಇಲ್ಲ. ಎರಡು ಮಳೆಗಾಲ ಕಾಯುವವರು ಇಲ್ಲೂ ಮೊದಲು ಬಾಡಿಗೆಗಿದ್ದು, ಕೊಳ್ಳುವುದನ್ನೂ ಮಾರುವುದನ್ನೂ ಹತ್ತಿರ ಹತ್ತಿರ ಇಟ್ಟುಕೊಂಡರೆ ಈ ಲೆಕ್ಕ ತಪ್ಪುವುದಿಲ್ಲ. ಎಡವುವ ಇನ್ನೊಂದು ಜಾಗ ತೋಟ. ವಿನಾಯಿತಿ ಸಿಗುವುದು ಮನೆಗೆ ಮತ್ತು ಅದಕ್ಕೆ ಸೇರಿದ ಜಾಗಕ್ಕೆ, ಎರಡೆಕರೆ ಅಡಿಕೆಗಲ್ಲ. ಕ್ರಯಪತ್ರದಲ್ಲಿ ಮನೆಯ ಬೆಲೆ, ತೋಟದ ಬೆಲೆ ಬೇರೆ ಬೇರೆ ಬರೆಸಿದ್ದರೆ ಮುಂದೆ ವಾದ ಬರುವುದಿಲ್ಲ. ಉಳಿದ ಹಣ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ. ಪಿಂಚಣಿಯ ಜೀವಿತ ಪ್ರಮಾಣಪತ್ರ ಈಗ ಫೋನಿನಲ್ಲಿ ಮುಖ ತೋರಿಸಿಯೇ ಕೊಡಬಹುದು, ಅದಕ್ಕಾಗಿ ನವೆಂಬರಿನಲ್ಲಿ ಬೆಂಗಳೂರಿಗೆ ಹೋಗಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ ಕೊಡಿ. ಗ್ರಾಮ ಪಂಚಾಯಿತಿಯಲ್ಲಿ ಮತವಿರುವವರ ಬೀದಿದೀಪ ಬೇಗ ರಿಪೇರಿಯಾಗುತ್ತದೆ.

ಇಬ್ಬರಲ್ಲಿ ಒಬ್ಬರೇ ಉಳಿದಾಗ ಏನು ಎನ್ನುವುದನ್ನು ಇಬ್ಬರೂ ಇರುವಾಗಲೇ ಮಾತಾಡಿ ಬರೆದಿಡಬೇಕು. ಹಳ್ಳಿಮನೆ ಮಾರಲು ಸುಲಭಕ್ಕೆ ಗಿರಾಕಿ ಸಿಗುವುದಿಲ್ಲ, ವರ್ಷಗಟ್ಟಲೆ ಹಿಡಿಯಬಹುದು. ಆದ್ದರಿಂದ ತಾಲೂಕು ಪೇಟೆಯಲ್ಲಿ ಬಾಡಿಗೆಗೆ ಹೋಗುವಷ್ಟು ಹಣ ಮನೆ ಮಾರಾಟದ ಮೇಲೆ ನಿಂತಿರಬಾರದು. ಬ್ಯಾಂಕ್ ಖಾತೆ, ಗ್ಯಾಸು, ಕರೆಂಟು ಮೀಟರು, ಮನೆ ಕಂದಾಯ ಯಾರ ಹೆಸರಲ್ಲಿವೆ, ನಾಮಿನಿ ಯಾರು ಎಂಬ ಪಟ್ಟಿ ಒಂದು ಹಾಳೆಯಲ್ಲಿರಲಿ. ಪಂಪ್ ಗಾಳಿ ಹಿಡಿದಾಗ ನೀರು ತುಂಬಿಸಿ ಎಬ್ಬಿಸುವುದು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಸಿಲಿಂಡರ್ ಬದಲಿಸುವುದು, ಫೋನಿನಲ್ಲಿ ಹಣ ಕಳಿಸುವುದು ಇವು ಇಬ್ಬರಿಗೂ ಬರಬೇಕು. ಹಂಚು ಕೈಯಾಡಿಸುವವರ ನಂಬರೂ ಇಬ್ಬರ ಫೋನಿನಲ್ಲೂ ಇರಲಿ.